ಸೇಫ್ ಡೆಲಿವರಿ ಆ್ಯಪ್: ಕೆಲವು ವರ್ಷ ಬಳಸಿದ ಮೇಲೆ

ನಾನು ತಾಲ್ಲೂಕು ಆಸ್ಪತ್ರೆಯ ವೈದ್ಯ. ಮಕ್ಕಳ ತಜ್ಞನಲ್ಲ, ಬರೀ ಎಂಬಿಬಿಎಸ್. ರಾತ್ರಿ ಡ್ಯೂಟಿಯಲ್ಲಿ ಹೆರಿಗೆಯಾದರೆ ಮಗುವನ್ನು ನೋಡಿಕೊಳ್ಳಲು ಇರುವುದು ನಾನು ಮತ್ತು ಒಬ್ಬ ಸ್ಟಾಫ್ ನರ್ಸ್, ಅಷ್ಟೇ. ಹಾಗಾಗಿ ಇದು ನನ್ನಂಥವರಿಗೆ ಬರೆದದ್ದು. ದೊಡ್ಡ ಊರಿನ ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇರುವವರಿಗೆ ಇದರಲ್ಲಿ ಹೊಸದೇನೂ ಸಿಗಲಿಕ್ಕಿಲ್ಲ.

ಮೊದಲೇ ಹೇಳಿಬಿಡುತ್ತೇನೆ. ಹೆರಿಗೆ ಮಾಡಿಸುವವರಿಗೆ ತಾಯಿ-ಮಗುವಿನ ತುರ್ತು ಆರೈಕೆ ಕಲಿಸುವ ಈ ಸೇಫ್ ಡೆಲಿವರಿ ಆ್ಯಪ್ ಚೆನ್ನಾಗಿದೆ, ಪುಕ್ಕಟೆ, ಹಾಕಿಕೊಳ್ಳಿ. ಆದರೆ ಉಸಿರಾಡದ ಮಗುವಿಗೆ ಗಾಳಿ ಕೊಡುವ ಬ್ಯಾಗ್ ಮತ್ತು ಮಾಸ್ಕ್ ಹಿಡಿಯುವುದನ್ನು ಫೋನ್ ನೋಡಿಯೇ ಕಲಿಯಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಹತ್ತು ಮಕ್ಕಳು ಹುಟ್ಟಿದರೆ ಸುಮಾರು ಒಂಬತ್ತು ತಾವೇ ಅಳುತ್ತವೆ. ಉಳಿದ ಒಂದಕ್ಕೆ ಸಹಾಯ ಬೇಕು, ಅದರಲ್ಲೂ ಹೆಚ್ಚಿನವು ಒರೆಸಿ ಬೆನ್ನು ತಿಕ್ಕಿದರೆ ಉಸಿರಾಡುತ್ತವೆ. ನಿಜವಾಗಿ ಬ್ಯಾಗ್ ಹಿಡಿಯಬೇಕಾದ ಮಗು ಸಣ್ಣ ಆಸ್ಪತ್ರೆಗೆ ಯಾವಾಗಲೋ ಒಮ್ಮೆ ಬರುತ್ತದೆ. 2009ರಲ್ಲಿ ಶುರುವಾದ ನವಜಾತ ಶಿಶು ಸುರಕ್ಷಾ ಕಾರ್ಯಕ್ರಮದ ತರಬೇತಿಗೆ ನಮ್ಮಲ್ಲಿ ಹೆಚ್ಚಿನವರು ಹೋಗಿದ್ದೇವೆ, ಒಳ್ಳೆಯ ತರಬೇತಿಯೇ. ಆದರೆ ಕೆಲವು ತಿಂಗಳು ಬಳಸದಿದ್ದರೆ ಕೈ ಮರೆತುಬಿಡುತ್ತದೆ. ಮರೆತಿದ್ದೇವೆ ಅಂತ ಗೊತ್ತಾಗುವುದು ಮಗು ಅಳದೆ ಮಲಗಿದಾಗ. ಹುಟ್ಟಿದ ಮೊದಲ ಒಂದು ನಿಮಿಷದೊಳಗೆ ಉಸಿರು ಕೊಡಲು ಶುರು ಮಾಡಬೇಕು ಅನ್ನುವ ಲೆಕ್ಕದಲ್ಲಿ ಆಗ ಪುಸ್ತಕ ತೆಗೆಯಲು ಎಲ್ಲಿ ಸಮಯ?

ಈ ಆ್ಯಪ್ ಮಾಡಿದ್ದು ಡೆನ್ಮಾರ್ಕಿನ ಮೆಟರ್ನಿಟಿ ಫೌಂಡೇಶನ್, ಅಲ್ಲಿನ ಎರಡು ವಿಶ್ವವಿದ್ಯಾಲಯಗಳ ಜೊತೆ ಸೇರಿ. ಹೆರಿಗೆಯ ರಕ್ತಸ್ರಾವ, ಬಿಪಿ, ಸೋಂಕು ಎಲ್ಲಾ ಇದೆ, ನಾನು ಜಾಸ್ತಿ ಬಳಸುವುದು ಮಗುವಿನ ಭಾಗವನ್ನು. ಚಿಕ್ಕ ಅನಿಮೇಷನ್ ವಿಡಿಯೊ, ಏನು ಮಾಡಬೇಕು ಅಂತ ಹೇಳುವ ಕಾರ್ಡುಗಳು, ಔಷಧಿ ಪಟ್ಟಿ, ಆಮೇಲೆ ಪ್ರಶ್ನೋತ್ತರ. ಒಮ್ಮೆ ಇಳಿಸಿಕೊಂಡರೆ ನೆಟ್‌ವರ್ಕ್ ಬೇಡ. ಲೇಬರ್ ರೂಮಿನಲ್ಲಿ ಸಿಗ್ನಲ್ ಸಿಗದ ಕಟ್ಟಡಗಳು ಎಷ್ಟಿವೆ ಅಂತ ಗೊತ್ತಿರುವವರಿಗೆ ಇದರ ಬೆಲೆ ಗೊತ್ತು.

ನಾವು ಬಳಸುವ ರೀತಿ ಹೀಗೆ. ಡ್ಯೂಟಿ ಬದಲಾಗುವ ಹೊತ್ತಿಗೆ ಒಂದು ಕಾರ್ಡ್ ತೆಗೆಯುತ್ತೇವೆ, ಪಕ್ಕದಲ್ಲಿ ತರಬೇತಿಯ ಗೊಂಬೆ. ಒಬ್ಬರು ಓದುತ್ತಾರೆ, ಇನ್ನೊಬ್ಬರು ಮಾಡುತ್ತಾರೆ. ತಲೆ ಸ್ವಲ್ಪ ಹಿಂದಕ್ಕೆ, ತುಂಬಾ ಅಲ್ಲ. ತುಂಬಿದ ತಿಂಗಳ ಮಗುವಿಗೆ ಒಂದನೇ ಸೈಜ್ ಮಾಸ್ಕ್, ಅವಧಿಗೆ ಮುಂಚೆ ಹುಟ್ಟಿದ್ದಕ್ಕೆ ಸೊನ್ನೆ. ಒತ್ತು-ಎರಡು-ಮೂರು ಅಂತ ಎಣಿಸುತ್ತಾ ನಿಮಿಷಕ್ಕೆ 40ರಿಂದ 60 ಉಸಿರು. ನಾನು ಬಳಸುವುದು ಇಂಗ್ಲಿಷ್ ಆವೃತ್ತಿ, ಆದ್ದರಿಂದ ಸಿಸ್ಟರ್‌ಗಳು ಅಲ್ಲಲ್ಲಿ ಕನ್ನಡದಲ್ಲಿ ಹೇಳಿಕೊಂಡು ಹೋಗುತ್ತಾರೆ, ಅದರಿಂದಲೇ ಮಾತುಕತೆ ಜಾಸ್ತಿ ಆಗುತ್ತದೆ, ಒಳ್ಳೆಯದೇ. ಎದೆ ಏಳದಿದ್ದರೆ ಏನು ಅನ್ನುವ ಪ್ರಶ್ನೆಗೆ ಹೊಸಬರು ಸಾಮಾನ್ಯವಾಗಿ "ಜೋರಾಗಿ ಒತ್ತಬೇಕು ಸರ್" ಅಂತಾರೆ. ಅದು ಕೊನೆಯದು. ಮೊದಲು ಮಾಸ್ಕ್ ಸರಿಪಡಿಸಬೇಕು, ತಲೆ ನೋಡಬೇಕು, ಬಾಯಲ್ಲಿ ಏನಾದರೂ ಇದ್ದರೆ ತೆಗೆಯಬೇಕು, ಬಾಯಿ ಸ್ವಲ್ಪ ತೆರೆಯಬೇಕು. ಈ ಕ್ರಮವನ್ನು ತಲೆಯಲ್ಲಿ ಕೂರಿಸುವುದರಲ್ಲಿ ಆ್ಯಪ್ ಗಟ್ಟಿ.

ಕೈಗೆ ಮಾತ್ರ ಗೊಂಬೆಯೇ ಬೇಕು. ಮಾಸ್ಕಿನ ಅಂಚಿನಿಂದ ಗಾಳಿ ಸೋರುವುದು ಬೆರಳಿಗೆ ತಿಳಿಯಬೇಕು. ಸೈಕಲ್ ಹೊಡೆಯುವುದನ್ನು ವಿಡಿಯೊ ನೋಡಿ ಕಲಿತ ಹಾಗಾಗುತ್ತದೆ ಇಲ್ಲದಿದ್ದರೆ. ಇಥಿಯೋಪಿಯಾದಲ್ಲಿ ಇದೇ ಆ್ಯಪ್ ಮೇಲೆ ನಡೆದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಒಂದು ವರ್ಷದ ನಂತರವೂ ಆ್ಯಪ್ ಇದ್ದವರ ತಿಳಿವಳಿಕೆ ಮತ್ತು ಕೌಶಲ್ಯ ಚೆನ್ನಾಗಿತ್ತು, ಆದರೆ ಮಕ್ಕಳ ಸಾವು ಕಡಿಮೆಯಾಯಿತು ಅಂತ ಖಚಿತವಾಗಿ ಹೇಳುವಷ್ಟು ವ್ಯತ್ಯಾಸ ಸಿಗಲಿಲ್ಲ. ನನಗೆ ಇದು ಆಶ್ಚರ್ಯ ಅನ್ನಿಸಲಿಲ್ಲ. ಆಮ್ಲಜನಕ, ಮಗುವನ್ನು ಬೆಚ್ಚಗಿಡುವ ವಾರ್ಮರ್, ಆಂಬುಲೆನ್ಸ್ ಇವೆಲ್ಲ ಆ್ಯಪ್ ಒಳಗೆ ಇಲ್ಲ ಅಲ್ವಾ.

ಬೇರೆ ಆ್ಯಪ್‌ಗಳನ್ನೂ ಹಾಕಿ ನೋಡಿದ್ದೇನೆ. ದೆಹಲಿಯ ಏಮ್ಸ್‌ನವರು ಚಿಕಿತ್ಸಾ ಕ್ರಮಗಳ ಆ್ಯಪ್ ಬಿಟ್ಟಿದ್ದಾರೆ. ಅದು ಸ್ವಲ್ಪ ಭಾರ, ವಿಶೇಷ ಘಟಕದಲ್ಲಿ ಇರುವ ವೈದ್ಯರಿಗೆ ಹೆಚ್ಚು ಹೊಂದುತ್ತದೆ. ಹೆಸರು ಹೇಳದ ಇನ್ನೊಂದನ್ನು ನಾನು ತೆಗೆದೇ ಹಾಕಿದೆ. ಗರ್ಭದ ನೀರಿನಲ್ಲೇ ಮಲ ಮಾಡಿಕೊಂಡ, ಸಪ್ಪಗಿರುವ ಎಲ್ಲ ಮಕ್ಕಳಿಗೂ ಶ್ವಾಸನಾಳಕ್ಕೆ ಟ್ಯೂಬ್ ಹಾಕಿ ಹೀರಬೇಕು ಅಂತ ಅದರಲ್ಲಿತ್ತು. 2015ರ ಮಾರ್ಗಸೂಚಿಗಳಲ್ಲೇ ಅದನ್ನು ವಾಡಿಕೆಯಂತೆ ಮಾಡುವುದು ಬೇಡ, ಉಸಿರು ಕೊಡುವುದು ತಡವಾಗುತ್ತದೆ ಅಂತ ಬಂದಿದೆ. ಅದರ ಕಾಮಾಲೆ ಚಾರ್ಟೂ ಅಷ್ಟೇ, ಅಮೆರಿಕದ ಮಕ್ಕಳ ವೈದ್ಯರ ಸಂಸ್ಥೆಯ 2004ರದ್ದು. 2022ರಲ್ಲಿ ಅವರು ಹೊಸದು ತಂದು ಬೆಳಕಿನ ಚಿಕಿತ್ಸೆ ಶುರು ಮಾಡುವ ಮಟ್ಟವನ್ನು ಏರಿಸಿದ್ದಾರೆ. ಇಂಥ ಆ್ಯಪ್ ಇರುವುದಕ್ಕಿಂತ ಇಲ್ಲದಿರುವುದೇ ವಾಸಿ. ಯಾವುದನ್ನು ಹಾಕಿಕೊಂಡರೂ ಕೊನೆಯ ಅಪ್‌ಡೇಟ್ ಯಾವಾಗ ಅಂತ ಮೊದಲು ನೋಡಿ. ತಾಯಿ-ಮಗು ಚರ್ಮಕ್ಕೆ ಚರ್ಮ ತಾಗಿಸುವ ಕಾಂಗರೂ ಆರೈಕೆಯ ಪುಟ ತೆರೆದರೂ ಸಾಕು. ತೂಕ ಕಡಿಮೆ ಇರುವ ಮಗುವಿಗೆ "ಮೊದಲು ಸ್ಥಿರವಾಗಲಿ, ಆಮೇಲೆ" ಅಂತ ಬರೆದಿದ್ದರೆ ಹಳೆಯದು. ಹುಟ್ಟಿದ ಕೂಡಲೇ ಶುರು ಮಾಡಿ, ದಿನಕ್ಕೆ 8ರಿಂದ 24 ಗಂಟೆ ಅಂತ ಡಬ್ಲ್ಯೂಎಚ್‌ಒ 2022ರಲ್ಲೇ ಹೇಳಿದೆ. ನಮ್ಮ ಕೊಪ್ಪಳ ಜಿಲ್ಲೆಯಲ್ಲೇ ಕಾಂಗರೂ ಆರೈಕೆಯನ್ನು ದೊಡ್ಡ ಮಟ್ಟದಲ್ಲಿ ಜಾರಿ ಮಾಡಿ ನೋಡಿದ್ದಾರೆ. ಇಲ್ಲಿ ಆಗಲ್ಲ ಅನ್ನುವ ನೆಪ ನಡೆಯಲ್ಲ.

ಡೋಸ್ ಲೆಕ್ಕದ ಬಗ್ಗೆ ಒಂದು ಮಾತು. ಸಕ್ಕರೆ ಕಡಿಮೆಯಾಗಿ ಫಿಟ್ಸ್ ಬಂದ ಮಗುವಿಗೆ 10 ಪರ್ಸೆಂಟ್ ಡೆಕ್ಸ್ಟ್ರೋಸ್ (ಸಕ್ಕರೆ ದ್ರಾವಣ) ಕೆಜಿಗೆ 2 ಎಂಎಲ್, ಅಂದರೆ ಎರಡೂವರೆ ಕೆಜಿ ಮಗುವಿಗೆ 5 ಎಂಎಲ್. ಇಷ್ಟು ಸುಲಭದ ಲೆಕ್ಕ ರಾತ್ರಿ ಮೂರು ಗಂಟೆಗೆ ಸುಲಭ ಅಲ್ಲ. ಆ್ಯಪ್‌ನಲ್ಲಿ ಔಷಧಿ ಪಟ್ಟಿ ಇದ್ದರೂ ನಾವು ಇದನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ವಾರ್ಮರ್ ಪಕ್ಕದ ಗೋಡೆಗೆ ಅಂಟಿಸಿದ್ದೇವೆ. ಗ್ಲೌಸ್ ಹಾಕಿದ ಕೈಯಲ್ಲಿ ಫೋನ್ ಅನ್‌ಲಾಕ್ ಮಾಡುವುದು, ಅದೇ ಕೈಯಲ್ಲಿ ಮಗು ಮುಟ್ಟುವುದು, ಎರಡೂ ಬೇಡ.

ಪ್ರಶ್ನೋತ್ತರ ಮುಗಿಸಿದರೆ ಸರ್ಟಿಫಿಕೇಟ್ ಬರುತ್ತದೆ. ಇದರಿಂದ ಒಂದು ತಮಾಷೆ ನೋಡಿದ್ದೇನೆ: ಯಾರೋ ಮೇಲಿನವರು ಎಲ್ಲರ ಸರ್ಟಿಫಿಕೇಟ್ ಕಳಿಸಿ ಅಂದರೆ ಸಾಕು, ಉತ್ತರಗಳ ಸ್ಕ್ರೀನ್‌ಶಾಟ್ ಗ್ರೂಪಿನಲ್ಲಿ ಓಡಾಡುತ್ತವೆ. ಆ್ಯಪ್‌ನ ತಪ್ಪಲ್ಲ ಅದು. ಸರ್ಟಿಫಿಕೇಟ್ ಬದಲು ಗೊಂಬೆ ಮುಂದೆ ನಿಲ್ಲಿಸಿ ಎರಡು ನಿಮಿಷ ಮಾಡಿಸಿ ನೋಡಿದರೆ ಯಾರಿಗೆ ಬರುತ್ತದೆ, ಯಾರಿಗೆ ಬರಲ್ಲ ಅಂತ ಗೊತ್ತಾಗುತ್ತದೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಗೊಂಬೆ ಇಲ್ಲದ ಆಸ್ಪತ್ರೆಯಾದರೆ ಎರಡೂವರೆ. ಹೊಸದಾಗಿ ಹಾಕಿಕೊಳ್ಳುವವರು ವಿಡಿಯೊಗಳನ್ನೆಲ್ಲ ಮನೆಯ ವೈಫೈನಲ್ಲೇ ಇಳಿಸಿಕೊಂಡು ಬನ್ನಿ, ಆಸ್ಪತ್ರೆಗೆ ಬಂದ ಮೇಲೆ ಅಂತ ಬಿಟ್ಟರೆ ಆಗುವುದಿಲ್ಲ.