ಶೆಟ್ಟಿಹಳ್ಳಿ, ಡೋರ್ನಹಳ್ಳಿ, ಗಂಜಾಂ: ಕಾರಿಲ್ಲದವರು ಯಾವುದಕ್ಕೆ ಹೋಗಬೇಕು?

ಹಳೇ ಪಾದ್ರಿಗಳ ಕಾಲದ ಚರ್ಚುಗಳನ್ನು ನೋಡುವ ಹುಚ್ಚು ನನಗೆ. ಕಾರಿಲ್ಲ, ರಜೆ ಇರುವುದು ಭಾನುವಾರ ಒಂದೇ. ಮೈಸೂರಿನಿಂದ ಬಸ್ಸಿನಲ್ಲೇ ಮೂರೂ ಕಡೆ ಹೋಗಿಬಂದೆ.

ಎಲ್ಲರೂ ಮೊದಲು ಹೇಳುವುದು ಶೆಟ್ಟಿಹಳ್ಳಿ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿದ ಚರ್ಚು, ಗೊರೂರು ಅಣೆಕಟ್ಟು ಬಂದ ಮೇಲೆ ಹೇಮಾವತಿ ಹಿನ್ನೀರಿನ ಪಾಲಾಯಿತು. ಮಳೆಗಾಲದಲ್ಲಿ ಅರ್ಧ ಮುಳುಗಿರುತ್ತದೆ, ಬೇಸಿಗೆಯಲ್ಲಿ ನಡೆದೇ ಒಳಗೆ ಹೋಗಬಹುದು. ಹಾಸನಕ್ಕೆ ಬಸ್ಸು ಬೇಕಾದಷ್ಟು ಇವೆ, ಕಷ್ಟ ಶುರುವಾಗುವುದು ಆಮೇಲಿನ ಇಪ್ಪತ್ತು ಕಿಲೋಮೀಟರಿನಲ್ಲಿ. ಊರಿನ ಬಸ್ಸಿಗೆ ಕಾದು ಕಾದು ಸಾಕಾಗಿ ಆಟೋ ಮಾಡಿಕೊಂಡೆ, ಕಾಯುವುದಕ್ಕೂ ಸೇರಿಸಿ 900 ರೂಪಾಯಿ ಕಿತ್ತರು. ಅಲ್ಲಿ ಅಂಗಡಿಯೂ ಕಾಣಲಿಲ್ಲ, ನೆರಳೂ ಇಲ್ಲ, ನನ್ನ ಬಾಟಲಿ ನೀರು ಅರ್ಧ ಗಂಟೆಯಲ್ಲೇ ಖಾಲಿ. ಗೋಡೆಗಳು ಕುಸಿಯುತ್ತಿವೆ, ಫೋಟೋ ಆಸೆಗೆ ಕಮಾನಿನ ಕೆಳಗೆ ನಿಲ್ಲಬೇಡಿ. ಚಂದವೇನೋ ಹೌದು, ಆದರೆ ನಾಲ್ಕು ಜನ ಸೇರಿ ಹೋದರೆ ಮಾತ್ರ ಗಿಟ್ಟುತ್ತದೆ.

ಡೋರ್ನಹಳ್ಳಿ ಅದಕ್ಕೆ ಪೂರ್ತಿ ಉಲ್ಟಾ. ಕೆ.ಆರ್.ನಗರದ ಕಡೆಗಿನ ದಾರಿ, ಹೋಗುವುದೂ ಸುಲಭ, ಊಟಕ್ಕೂ ಪರದಾಟವಿಲ್ಲ. ರೈತನೊಬ್ಬ ಉಳುವಾಗ ಸಂತ ಅಂತೋಣಿಯವರ ಮರದ ಪ್ರತಿಮೆ ಸಿಕ್ಕಿತು ಎಂಬುದು ಅಲ್ಲಿನ ಕಥೆ. ಹರಕೆ ಹೊತ್ತವರಲ್ಲಿ ಎಲ್ಲ ಜಾತಿ, ಧರ್ಮದವರೂ ಇರುತ್ತಾರೆ. ಮಂಗಳವಾರ ಮತ್ತು ಜೂನ್ 13ರ ಹಬ್ಬದ ಹೊತ್ತಿಗೆ ಕಾಲಿಡಲು ಜಾಗವಿರಲ್ಲ, ಸುಮ್ನೆ ನೋಡಲು ಹೋಗುವವರು ಬೇರೆ ದಿನ ಹೋಗಿ. ಹಳೆಯ ಕಟ್ಟಡ ನೋಡುವ ಆಸೆಗೇ ಹೋದರೆ ಸ್ವಲ್ಪ ನಿರಾಸೆಯಾಗಬಹುದು, ನನಗಂತೂ ಆಯಿತು.

ನನಗೆ ಹಿಡಿಸಿದ್ದು ಗಂಜಾಂ. ಶ್ರೀರಂಗಪಟ್ಟಣಕ್ಕೆ ಬಸ್ಸು, ಅಲ್ಲಿಂದ ಆಟೋ, ಅಷ್ಟೇ. ಎಲ್ಲರೂ ಗುಂಬಜ್ ನೋಡಿ ತಿರುಗಿಬಿಡುತ್ತಾರೆ, ಅಬ್ಬೆ ದುಬೊಯ್ ಅವರ ಚರ್ಚಿನತ್ತ ಬರುವುದೇ ಇಲ್ಲ. 1799ರಲ್ಲಿ ಟಿಪ್ಪು ಸತ್ತ ಮೇಲೆ ಇಲ್ಲಿಗೆ ಬಂದ ಈ ಫ್ರೆಂಚ್ ಪಾದ್ರಿ ನಮ್ಮವರ ಹಾಗೇ ಬಟ್ಟೆ ತೊಟ್ಟು, ಮಾಂಸ ಬಿಟ್ಟು, ಸಿಡುಬಿಗೆ ಲಸಿಕೆ ಹಾಕಿಸಲು ಓಡಾಡಿದ್ದರು. ಜನ ‘ದೊಡ್ಡಸ್ವಾಮಿ’ ಎನ್ನುತ್ತಿದ್ದರಂತೆ. 1823ರಲ್ಲಿ ಫ್ರಾನ್ಸಿಗೆ ಮರಳಿದವರು ಮತ್ತೆ ಬರಲಿಲ್ಲ. ಚರ್ಚು ಚಿಕ್ಕದು, ಸರಳ. ಮೊದಲ ಸಲ ಮಧ್ಯಾಹ್ನ ಹೋಗಿ ಬೀಗ ನೋಡಿಕೊಂಡು ವಾಪಸ್ ಬಂದಿದ್ದೆ. ಮುಂದಿನ ಭಾನುವಾರ ಬೆಳಗ್ಗೆ ಪೂಜೆ ಮುಗಿಯುವ ಹೊತ್ತಿಗೆ ಹೋದೆ. ಅಜ್ಜಿಯೊಬ್ಬರು ‘ಒಳಗೆ ಬಾ ಮಗ, ಚಪ್ಪಲಿ ಅಲ್ಲೇ ಬಿಡು’ ಎಂದು ಕರೆದುಕೊಂಡು ಹೋದರು.