ಡ್ರೈ ಫೈರ್ ಸೆನ್ಸರ್: ವರ್ಷ ದಾಟಿದ ಬಳಕೆ, 10 ಮೀಟರ್ ಏರ್ ಪಿಸ್ತೂಲಿನವರಿಗೆ

ಗುರಿಯಿಂದ ಒಂದು ಗೇಣು ಪಕ್ಕಕ್ಕೆ ಪಿಸ್ತೂಲು ಹಿಡಿದು, ಕೈ ಅಲುಗದಂತೆ ಟ್ರಿಗರ್ ಒತ್ತಿ ನೋಡಿ. ಡ್ರೈ ಫೈರ್‌ಗೆಂದು, ಅಂದರೆ ಪೆಲೆಟ್ (ಸಣ್ಣ ಗುಂಡು) ಹಾಕದೆ ಟ್ರಿಗರ್ ಒತ್ತುವ ಅಭ್ಯಾಸಕ್ಕೆಂದು, ನಳಿಗೆಯ ಕೆಳಗಿನ ಗಾಳಿ ಸಿಲಿಂಡರಿಗೆ ಕಚ್ಚಿಸಿದ ಈ ಬ್ಲೂಟೂತ್ ಸೆನ್ಸರ್ ನೂರಕ್ಕೆ 95ರ ಆಸುಪಾಸು ಅಂಕ ಕೊಟ್ಟು ಭೇಷ್ ಅನ್ನುತ್ತದೆ. ಒಳಗಿರುವುದು ಚಲನೆ ಅಳೆಯುವ ಚಿಪ್ ಮಾತ್ರ. ನಳಿಗೆ ಎಷ್ಟು ಅಲುಗಿತು ಅನ್ನುವುದು ಅದಕ್ಕೆ ತಿಳಿಯುತ್ತದೆ, ಎತ್ತ ನೋಡುತ್ತಿತ್ತು ಅನ್ನುವುದು ತಿಳಿಯುವುದಿಲ್ಲ. ಪೆಟ್ಟಿಗೆಯ ಮೇಲೆ ಇದನ್ನು ಯಾರೂ ಬರೆದಿರುವುದಿಲ್ಲ.

ಇದು ಎಷ್ಟು ದೊಡ್ಡ ಕೊರತೆ ಅನ್ನುವುದನ್ನು ಲೆಕ್ಕ ಹಾಕಿ ನೋಡಬಹುದು. ಏರ್ ಪಿಸ್ತೂಲಿನ ಹಿಂದೊಂದು ಮುಂದೊಂದು ಇರುವ, ಗುರಿ ಹೊಂದಿಸುವ ಎರಡು ಸೈಟ್‌ಗಳ ನಡುವೆ ಸುಮಾರು 320 ಮಿ.ಮೀ. ಅಂತರ. ರಿಯರ್ ಸೈಟಿನ ಸೀಳಿನೊಳಗೆ ಫ್ರಂಟ್ ಸೈಟ್ ಅರ್ಧ ಮಿಲಿಮೀಟರ್ ಒಂದು ಮಗ್ಗುಲಿಗೆ ವಾಲಿದರೆ 10 ಮೀಟರ್ ದೂರದಲ್ಲಿ ಪೆಲೆಟ್ 15 ಮಿ.ಮೀ.ಗೂ ಹೆಚ್ಚು ಸರಿಯುತ್ತದೆ. ಹತ್ತು ಅಂಕದ ವೃತ್ತದ ವ್ಯಾಸವೇ 11.5 ಮಿ.ಮೀ. ಸೈಟ್‌ಗಳು ನೆಟ್ಟಗೆ ಕೂತಿದ್ದು, ಇಡೀ ಕೈ 5 ಮಿ.ಮೀ. ಸರಿದರೆ ಪೆಲೆಟೂ ಅಷ್ಟೇ ಸರಿಯುತ್ತದೆ, ಹತ್ತು ಕೈಬಿಡುವುದಿಲ್ಲ. ಅಂದರೆ ಅಂಕ ತಿನ್ನುವ ದೊಡ್ಡ ತಪ್ಪೇ ಈ ಯಂತ್ರದ ಕಣ್ಣಿಗೆ ಬೀಳದು. ಆ ತಪ್ಪನ್ನೂ ಹಿಡಿಯುವ, ಗುರಿಯ ಮೇಲೆ ನಳಿಗೆ ಓಡಾಡಿದ ಜಾಡನ್ನೇ ತೋರಿಸುವ ಸ್ಕ್ಯಾಟ್‌ನಂಥ ಸಾಧನಗಳಿವೆ. ಅವು ಲಕ್ಷದ ಲೆಕ್ಕದವು. ಇದು ಆಮದು ಸುಂಕ ಸೇರಿ ಇಪ್ಪತ್ತು ಸಾವಿರದ ಸುತ್ತಮುತ್ತ.

ಎರಡನೆಯ ಕಿರಿಕಿರಿ ಕ್ಲಿಕ್ಕಿನದು. ಮ್ಯಾಚ್ ಪಿಸ್ತೂಲಿನ ಡ್ರೈ ಫೈರ್ ಕ್ಲಿಕ್ ಭಾಳ ಮೆತ್ತಗೆ. ಎಲೆಕ್ಟ್ರಾನಿಕ್ ಟ್ರಿಗರ್ ಇದ್ದರಂತೂ ಇನ್ನೂ ಮೆತ್ತಗೆ. ಸೆನ್ಸರಿಗೆ ಅದು ಕೇಳಿಸದೆ ಹೊಡೆತ ಎಣಿಕೆಗೇ ಬರುವುದಿಲ್ಲ. ಸೂಕ್ಷ್ಮತೆಯನ್ನು ಪೂರ್ತಿ ಏರಿಸಿದರೆ ಕಾಕಿಂಗ್ ಲಿವರ್ ಮುಚ್ಚಿದ ಸದ್ದನ್ನೂ ಹೊಡೆತ ಎಂದು ಬರೆದುಕೊಳ್ಳುತ್ತದೆ. ಗಾಳಿ ಸಿಲಿಂಡರಿಗೆ ಗೀರು ಬೀಳಬಾರದೆಂದು ಕ್ಲಾಂಪಿನ ಕೆಳಗೆ ಸೈಕಲ್ ಟ್ಯೂಬಿನ ತುಂಡು ಸುತ್ತುವವರು ಹೆಚ್ಚು. ರಬ್ಬರು ಆ ಸಣ್ಣ ಕಂಪನವನ್ನೂ ನುಂಗಿಬಿಡುತ್ತದೆ. ಅದರ ಬದಲು ದಪ್ಪ ಕಾಗದದ ಪಟ್ಟಿಯನ್ನು ಒಂದೇ ಸುತ್ತು ಹಾಕಿ, ಕ್ಲಾಂಪನ್ನು ಆದಷ್ಟು ಟ್ರಿಗರ್ ಕಡೆಗೆ ಕೂರಿಸಿ, ಸೂಕ್ಷ್ಮತೆಯನ್ನು ಮಧ್ಯದಿಂದ ಒಂದೊಂದೇ ಹಂತ ಏರಿಸಿದರೆ ತಪ್ಪು ಎಣಿಕೆ ಬಹುಪಾಲು ನಿಲ್ಲುತ್ತದೆ. ಸ್ಕ್ರೂ ಸಡಿಲಾದರೆ ಸೆನ್ಸರಿನ ನಡುಕವೇ ಕೈಯ ನಡುಕವಾಗಿ ದಾಖಲಾಗುತ್ತದೆ, ಪ್ರತಿ ಸಲ ತಿರುಗಿಸಿ ನೋಡಿಕೊಳ್ಳಿ. ಅಡುಗೆಮನೆಯ ತಕ್ಕಡಿಯಲ್ಲಿ ಸೆನ್ಸರ್ ಮತ್ತು ಕ್ಲಾಂಪ್ ಎರಡನ್ನೂ ತೂಗಿ, ಅಷ್ಟೇ ಗ್ರಾಂ ತೂಕವನ್ನು ಪಿಸ್ತೂಲಿನ ಮುಂದಿನಿಂದ ಬಿಚ್ಚಿಡಬೇಕು. ಇಲ್ಲವಾದರೆ ಮನೆಯಲ್ಲಿ ಒಂದು ಪಿಸ್ತೂಲು, ರೇಂಜಿನಲ್ಲಿ ಇನ್ನೊಂದು.

ಇನ್ನು ಯಂತ್ರಕ್ಕೆ ಸಂಬಂಧವಿಲ್ಲದ, ಆದರೆ ಅದಕ್ಕಿಂತ ಹೆಚ್ಚು ಫಲ ಕೊಡುವ ಸಿದ್ಧತೆ. ಕಲಬುರಗಿಯ ಹಳೆಯ ಮನೆಗಳ ಪಡಸಾಲೆಗೆ ಹಾಸಿದ ಶಹಾಬಾದ್ ಫರ್ಶಿಗಿಂತ ಒಳ್ಳೆಯ ನೆಲ ಈ ಅಭ್ಯಾಸಕ್ಕೆ ಸಿಗಲಿಕ್ಕಿಲ್ಲ. ತಂಪು, ಸಮತಟ್ಟು, ಮೇಲಾಗಿ ಕಲ್ಲುಗಳ ಸಂದು ನೇರ ಗೆರೆ. ಆ ಸಂದಿಗೆ ಪಾದ ಹೊಂದಿಸಿ, ಕಣ್ಣು ಮುಚ್ಚಿ ಕೈ ಎತ್ತಿ, ತೆರೆದು ನೋಡಬೇಕು. ಪಿಸ್ತೂಲು ಗೋಡೆಗೆ ಅಂಟಿಸಿದ ಗುರಿಯ ಚುಕ್ಕೆಯ ಎಡಕ್ಕೋ ಬಲಕ್ಕೋ ನಿಂತಿದ್ದರೆ ಮಣಿಕಟ್ಟು ತಿರುಗಿಸದೆ ಹಿಂದಿನ ಪಾದವನ್ನು ಎರಡು ಬೆರಳಷ್ಟು ಸರಿಸಬೇಕು. ಸರಿ ಬಂದ ಜಾಗಕ್ಕೆ ಸೀಮೆಸುಣ್ಣದ ಗುರುತು.

ಗುರಿಯ ಹಾಳೆಯನ್ನು ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಯಾವ ಜೆರಾಕ್ಸ್ ಅಂಗಡಿಯಲ್ಲಾದರೂ ತೆಗೆಸಬಹುದು. ನಿಜವಾದ ಗುರಿಯ ಕಪ್ಪು ಭಾಗ 59.5 ಮಿ.ಮೀ. ಮನೆಯಲ್ಲಿ 3 ಮೀಟರ್ ದೂರಕ್ಕೆ 18 ಮಿ.ಮೀ., ಎರಡೂವರೆ ಮೀಟರಿಗೆ 15 ಮಿ.ಮೀ. ಚುಕ್ಕೆ ಸಾಕು. ಪ್ರಿಂಟರು ಹಾಳೆಗೆ ಹೊಂದಿಸಲು ಹೋಗಿ ಚುಕ್ಕೆಯನ್ನು ಕುಗ್ಗಿಸುತ್ತದೆ, ಸ್ಕೇಲ್ ಇಟ್ಟು ಅಳೆಯದೆ ದುಡ್ಡು ಕೊಡಬೇಡಿ. ರೇಂಜಿನಲ್ಲಿ ಗುರಿಯ ನಡು ಇರುವುದು 1.40 ಮೀಟರ್ ಎತ್ತರದಲ್ಲಿ. ಹಾಗೆಂದು ಮನೆಯಲ್ಲೂ 1.40ಕ್ಕೇ ಅಂಟಿಸಿದರೆ ಕೈ ಇಳಿಯುವ ಕೋನ ಕೆಡುತ್ತದೆ. ನಿಂತಾಗ ಕಣ್ಣಿನ ಎತ್ತರ 1.60 ಆದರೆ 3 ಮೀಟರಿನಲ್ಲಿ ಚುಕ್ಕೆ 1.54ಕ್ಕೆ ಬರಬೇಕು. ಕಣ್ಣಿನ ಎತ್ತರಕ್ಕೂ 1.40ಕ್ಕೂ ಇರುವ ವ್ಯತ್ಯಾಸದ ಹತ್ತರಲ್ಲಿ ಮೂರು ಪಾಲನ್ನು ಕಣ್ಣಿನ ಎತ್ತರದಿಂದ ಕಳೆಯುವುದು, ಅಷ್ಟೇ.

ಒಂದು ಮೋಸ ಮಾತ್ರ ಇಲ್ಲಿದೆ. 3 ಮೀಟರಿನ ಚುಕ್ಕೆ 10 ಮೀಟರಿನದಕ್ಕಿಂತ ಚೂಪಾಗಿ ಕಾಣುತ್ತದೆ, ಕಣ್ಣು ಫ್ರಂಟ್ ಸೈಟ್ ಬಿಟ್ಟು ಅದರ ಹಿಂದೆ ಹೋಗುತ್ತದೆ. ಆ ಚಟ ರೇಂಜಿಗೂ ಬರುತ್ತದೆ. ಅದಕ್ಕೇ ಚುಕ್ಕೆಯನ್ನು ಕಡುಗಪ್ಪಿನ ಬದಲು ಬೂದು ಬಣ್ಣದಲ್ಲಿ ತೆಗೆಸುವುದು, ಐದು ಹೊಡೆತ ಚುಕ್ಕೆಗಾದರೆ ಮುಂದಿನ ಐದು ಖಾಲಿ ಸುಣ್ಣದ ಗೋಡೆಗೆ. ಖಾಲಿ ಗೋಡೆಯ ಮುಂದೆ ನೋಡಲಿಕ್ಕೆ ಸೈಟ್ ಬಿಟ್ಟು ಬೇರೇನೂ ಇಲ್ಲ, ಬೆರಳು ಎಳೆದಾಡಿದ್ದು ಆಗಲೇ ಎದ್ದು ಕಾಣುತ್ತದೆ. ಸೆನ್ಸರ್ ನೋಡದ ಸೈಟಿನ ವಾಲಿಕೆಯನ್ನೂ ಇದೇ ಗೋಡೆ ತೋರಿಸುತ್ತದೆ.

ಬೆಳಕು ಫ್ಯಾನಿಗಿಂತ ಮೇಲಿದ್ದರೆ ರೆಕ್ಕೆಗಳ ನೆರಳು ಹಾಳೆಯ ಮೇಲೆ ಕುಣಿಯುತ್ತದೆ. ದೀಪ ಕೆಳಗೆ, ಒಂದು ಬದಿಗಿರಲಿ, ಇನ್ವರ್ಟರ್ ಸಾಲಿಗೆ ಸೇರಿರಲಿ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿಗೆ ಅಂಗೈ ಬೆವತು ಮರದ ಗ್ರಿಪ್ ಜಾರುತ್ತದೆ, ಕೂತಿದ್ದ ಹಿಡಿತ ತಿರುಗಿಬಿಡುತ್ತದೆ. ಬೆಳಗಿನ ತಂಪಿನಲ್ಲೇ ಮುಗಿಸುವುದು ಛಲೋ. 200 ಬಾರ್ ಒತ್ತಡದ ಗಾಳಿ ತುಂಬಿದ ಸಿಲಿಂಡರನ್ನಾಗಲಿ ಸೆನ್ಸರನ್ನಾಗಲಿ ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬಾರದು.

ಇಷ್ಟೆಲ್ಲ ಬೈದ ಮೇಲೂ ಸೆನ್ಸರ್ ಪಿಸ್ತೂಲಿನ ಮೇಲೆಯೇ ಇದೆ. ಕಾರಣ ಅದರ ಮೂರು ಬಣ್ಣದ ಗೆರೆ. ಹಿಡಿತದ್ದು ನೀಲಿ, ಒತ್ತುವಾಗಿನದು ಹಳದಿ, ಕ್ಲಿಕ್ ಆದ ಮೇಲಿನದು ಕೆಂಪು. ಅಂಕವನ್ನು ಸೆಟ್ಟಿಂಗಿನಲ್ಲಿ ಮರೆಮಾಡಿ ಗೆರೆಯನ್ನಷ್ಟೇ ನೋಡಿದರೆ ಇದು ಬೇರೆಯೇ ಸಾಧನ. ನೀಲಿ ಗಂಟು ಚಿಕ್ಕದಿದ್ದು ಹಳದಿ ಉದ್ದಕ್ಕೆ ಓಡಿದರೆ ಹಿಡಿತ ಸರಿ, ಬೆರಳು ತಪ್ಪು. ಹಳದಿ ಚಿಕ್ಕದಿದ್ದು ಕೆಂಪು ಕೆಳಕ್ಕೆ ಬಿದ್ದರೆ ಕ್ಲಿಕ್ ಆದ ತಕ್ಷಣ ಕೈ ಬಿಡುತ್ತಿದ್ದೀರಿ, ಫಾಲೋ ಥ್ರೂ, ಅಂದರೆ ಕ್ಲಿಕ್ ಆದ ಮೇಲೂ ಹಾಗೇ ಹಿಡಿದು ನಿಲ್ಲುವುದು, ಎರಡು ಸೆಕೆಂಡ್ ಬೇಕು. ಚುಕ್ಕೆಯ ಮೇಲಿಂದ ಇಳಿಯುತ್ತಲೇ ಟ್ರಿಗರಿನ ಮೊದಲ ಹಂತ (ಹೊಡೆತಕ್ಕೆ ಮುಂಚಿನ ಹಗುರ ಎಳೆತ) ತೆಗೆದುಕೊಂಡು, ನಿಂತ ಮೇಲೆ ಐದರಿಂದ ಎಂಟು ಸೆಕೆಂಡಿನಲ್ಲಿ ಹೊಡೆತ ಬಿಡಬೇಕು. ಹತ್ತು ದಾಟಿದರೆ ಕೈ ಇಳಿಸುವುದೇ ಸರಿ, ಹತ್ತರ ಆಚೆಯ ನೀಲಿ ಗೆರೆ ಹೇಗೆ ಹಿಗ್ಗುತ್ತದೆ ಅನ್ನುವುದನ್ನು ಒಮ್ಮೆ ನೋಡಿದವರು ಹಟ ಹಿಡಿಯುವುದಿಲ್ಲ. ಟ್ರಿಗರ್ ಒತ್ತಲು ಬೇಕಾದ ತೂಕವನ್ನು ಮನೆಗೆಂದು ಹಗುರ ಮಾಡಬೇಡಿ, ಸ್ಪರ್ಧೆಯ ಕನಿಷ್ಠ 500 ಗ್ರಾಂ ಇಲ್ಲೂ ಇರಲಿ. ಮೂವತ್ತು ಹೊಡೆತದ ಮೇಲೆ ಹೋಗುವುದು ದಣಿದ ಕೈಗೆ ತಪ್ಪು ಕಲಿಸಿದಂತೆ.

ಪೆಲೆಟ್ ಡಬ್ಬಿ ಬೇರೆ ಕೋಣೆಯಲ್ಲಿರಲಿ, ಶುರು ಮಾಡುವ ಮುನ್ನ ನಳಿಗೆಯೊಳಗೆ ಸೇಫ್ಟಿ ದಾರ ತೂರಿಸಿ ಖಾಲಿಯೆಂದು ಖಾತ್ರಿ ಮಾಡಿಕೊಳ್ಳಿ, ಎದುರಿನದು ಇಟ್ಟಿಗೆಯ ಗೋಡೆಯಾಗಿರಲಿ. .177 ಇಂಚು ನಳಿಗೆಯ, 20 ಜೂಲ್ ಮೀರದ ಏರ್‌ಗನ್ನಿಗೆ 2016ರ ಆಯುಧ ನಿಯಮಗಳಲ್ಲಿ ಪರವಾನಗಿ ಬೇಕಿಲ್ಲ ನಿಜ, ಆದರೆ ಎದುರು ಮನೆಯವರಿಗೆ ಕಿಟಕಿಯಲ್ಲಿ ಕಾಣುವುದು ಪಿಸ್ತೂಲೇ. ಪರದೆ ಎಳೆದುಕೊಳ್ಳಿ.

ನಳಿಗೆ ಮುರಿದು ತುಂಬುವ ಸ್ಪ್ರಿಂಗ್ ಏರ್‌ಗನ್ ಇದ್ದವರು ಇದನ್ನು ಕೊಳ್ಳಲೇಬಾರದು. ಪೆಲೆಟ್ ಇಲ್ಲದೆ ಹೊಡೆದರೆ ಪಿಸ್ಟನ್ನಿಗೆ ಎದುರು ಒತ್ತಡವೇ ಸಿಗದೆ ರಭಸವಾಗಿ ಹೋಗಿ ಬಡಿಯುತ್ತದೆ, ಸೀಲೂ ಸ್ಪ್ರಿಂಗೂ ಬೇಗ ಹೋಗುತ್ತವೆ. ಡ್ರೈ ಫೈರ್ ವ್ಯವಸ್ಥೆ ಇರುವ ಪಿಸ್ತೂಲು ಇದ್ದು, ಸೈಟ್ ಜೋಡಣೆ ಆಗಲೇ ಕೈಗೆ ಕೂತಿದ್ದರೆ ಐದಕ್ಕೆ ಮೂರೂವರೆ. ಹೊಸಬರಿಗೆ ಎರಡು, ಆ ದುಡ್ಡಿಗೆ ಪೆಲೆಟ್ ಮತ್ತು ರೇಂಜ್ ಶುಲ್ಕ ಕಟ್ಟಿಕೊಳ್ಳಲಿ. ಕ್ಲಾಂಪಿನ ಸ್ಕ್ರೂಗೆ 2.5 ಮಿ.ಮೀ. ಆಲನ್ ಕೀ ಬೇಕು, ಪೆಟ್ಟಿಗೆಯಲ್ಲಿ ಬರುವುದಿಲ್ಲ.