ಕೋಮೊ ಸರೋವರ: ಪೂರ್ವ ದಡದ ದಾರಿಯೋ, ಪಶ್ಚಿಮ ದಡದ ದಾರಿಯೋ?

ಇಟಲಿಯ ಕೋಮೊ ಸರೋವರದ ಅಂಚಿನಲ್ಲಿ ನಡೆಯಬೇಕೆಂದು ಹೊರಡುವವರು ಮೊದಲು ದಡವನ್ನು ಆರಿಸಿಕೊಳ್ಳಬೇಕು. ಪೂರ್ವದಲ್ಲಿ ಅಬ್ಬಾದಿಯಾ ಲಾರಿಯಾನಾದಿಂದ ಕೋಲಿಕೊವರೆಗೆ ಸುಮಾರು 45 ಕಿ.ಮೀ. ಸಾಗುವ ‘ಸೆಂತಿಯೆರೊ ದೆಲ್ ವಿಯಾಂದಾಂತೆ’ ಇದೆ. ಪಶ್ಚಿಮದಲ್ಲಿ ಕೊಲೊನ್ನೊದಿಂದ ಗ್ರಿಯಾಂತೆವರೆಗೆ ಹತ್ತು ಕಿ.ಮೀ.ಗಳ ‘ಗ್ರೀನ್‌ವೇ’ ಇದೆ. ಅದರ ಕೆಲವು ಭಾಗಗಳು ರೋಮನ್ನರ ಕಾಲದಿಂದ ಬಂದ ವಿಯಾ ರೆಜಿನಾ ಮಾರ್ಗದಲ್ಲೇ ಹಾಯುತ್ತವೆ. ಎರಡನ್ನೂ ನಡೆದು ನೋಡಿದ್ದೇನೆ. ಹಳೆಯ ದಾರಿಯೇ ನಿಮಗೆ ಬೇಕಾಗಿದ್ದರೆ ಕಣ್ಣು ಮುಚ್ಚಿಕೊಂಡು ಪೂರ್ವಕ್ಕೆ ಹೋಗಿ.

ಇದಕ್ಕೆ ಕಾರಣ ಇತಿಹಾಸದಲ್ಲೇ ಇದೆ. ಪಶ್ಚಿಮದಲ್ಲಿ ಹಳೆಯ ಮಾರ್ಗದ ಬಹುಪಾಲನ್ನು ವಾಹನಗಳ ರಸ್ತೆ ನುಂಗಿಹಾಕಿದೆ. ಪೂರ್ವದಲ್ಲಿ ಹಾಗಾಗಲಿಲ್ಲ. 19ನೇ ಶತಮಾನದಲ್ಲಿ ಆಸ್ಟ್ರಿಯದ ಆಡಳಿತ ನೀರಿನಂಚಿನಲ್ಲೇ ಬಂಡೆ ಕೊರೆದು ಹೊಸ ರಸ್ತೆ ಮಾಡಿತು. ಅದೇ ಶತಮಾನದ ಕೊನೆಗೆ ರೈಲೂ ಬಂತು. ಬೆಟ್ಟದ ಮೈಗೆ ಅಂಟಿಕೊಂಡಿದ್ದ ಕಾಲುದಾರಿಯನ್ನು ಯಾರೂ ಅಗಲ ಮಾಡಲಿಲ್ಲ, ಡಾಂಬರು ಹಾಕಲಿಲ್ಲ. ಎಷ್ಟೋ ಕಡೆ ಎರಡು ಬದಿಗೂ ಗಾರೆಯಿಲ್ಲದ ಕಲ್ಲುಗೋಡೆ, ನಡುವೆ ಹೇರು ಹೊತ್ತ ಒಂದು ಹೇಸರಗತ್ತೆ ಹಾಯುವಷ್ಟೇ ಜಾಗ. ನೆಲಕ್ಕೆ ಉರುಟು ಕಲ್ಲುಗಳನ್ನು ಒತ್ತೊತ್ತಾಗಿ ನೆಟ್ಟಿದ್ದಾರೆ. ಇಳಿಜಾರಿನಲ್ಲಿ ಅಲ್ಲಲ್ಲಿ ಒಂದು ಉದ್ದನೆಯ ಕಲ್ಲು ಅಡ್ಡಲಾಗಿ ಎದ್ದು ನಿಂತು ಮೆಟ್ಟಿಲಾಗುತ್ತದೆ. ಒಣಗಿದ್ದಾಗ ಪಾದಕ್ಕೆ ಒಳ್ಳೆಯ ಹಿಡಿತ ಸಿಗುತ್ತದೆ. ಮಳೆ ಬಿದ್ದ ಮೇಲೆ ಇದೇ ಕಲ್ಲು ಎಣ್ಣೆ ಸವರಿದಂತೆ ಜಾರುತ್ತದೆ.

ಈ ದಾರಿಯ ಕಷ್ಟವನ್ನು ಮುಚ್ಚಿಡುವುದಿಲ್ಲ. ‘ಸರೋವರದ ದಡ’ ಎಂಬ ಮಾತು ಕೇಳಿ ಸಮತಟ್ಟಾದ ನಡಿಗೆ ಎಂದುಕೊಂಡವರಿಗೆ ಮೊದಲ ದಿನವೇ ತೊಡೆ ನೋಯುತ್ತದೆ. ಗ್ರಿನ್ಯಾ ಪರ್ವತ ನೇರವಾಗಿ ನೀರಿಗೆ ಇಳಿಯುವ ಕಡೆ ಇದು. ತೊರೆಯೊಂದು ಎದುರಾದರೆ ದಾರಿ ಇಳಿದು ಮತ್ತೆ ಏರಲೇಬೇಕು. ಲಿಯೆರ್ನಾದಿಂದ ವರೆನ್ನಾವರೆಗಿನ ಭಾಗಕ್ಕೆ ಎರಡು ಕವಲುಗಳಿವೆ. ಮೇಲಿನದು ಒರ್ತಾನೆಲ್ಲಾ ಎಂಬಲ್ಲಿ ಸಾವಿರ ಮೀಟರ್‌ ಸಮೀಪಕ್ಕೆ ಏರುತ್ತದೆ. ಸರೋವರದ ಮಟ್ಟ 198 ಮೀಟರ್ ಎಂಬುದನ್ನು ನೆನಪಿಡಿ. ಅಲ್ಲಿನ ಹುಲ್ಲುಗಾವಲು, ಪುಟ್ಟ ಸಾನ್ ಪಿಯೆತ್ರೊ ಚರ್ಚು, ಕೆಳಗೆ ಮೂರು ಕವಲಾಗಿ ಚಾಚಿದ ನೀರು ಇವೆಲ್ಲ ಆ ಏದುಸಿರಿಗೆ ತಕ್ಕ ಪ್ರತಿಫಲ. ಮಂಡಿನೋವು ಇದ್ದವರು ಮಾತ್ರ ಕೆಳಗಿನ ಕವಲನ್ನೇ ಹಿಡಿಯಲಿ, ಏಕೆಂದರೆ ಮೇಲಿನಿಂದ ಇಳಿಯುವುದು ಏರುವುದಕ್ಕಿಂತ ಕಠಿಣ.

ವರೆನ್ನಾಕ್ಕೆ ಸ್ವಲ್ಪ ಮೊದಲು ಫಿಯುಮೆಲಾತ್ತೆ ಸಿಗುತ್ತದೆ. ಗುಹೆಯಿಂದ ಹೊರಬಿದ್ದು ಸುಮಾರು 250 ಮೀಟರ್ ಓಡಿ ಸರೋವರ ಸೇರಿಬಿಡುವ ನದಿ, ಹಾಲಿನಂಥ ನೊರೆ. ಚಳಿಗಾಲದಲ್ಲಿ ಬತ್ತಿರುತ್ತದೆ, ಆದ್ದರಿಂದ ವಸಂತದಲ್ಲೇ ಹೋಗಿ. ಆಮೇಲೆ ವೆಜಿಯೊ ಕೋಟೆ, ಬೆಲ್ಲಾನೊದ ಕಮರಿ, ಕೊನೆಯ ಹಂತದಲ್ಲಿ ಕೊರೆನ್ನೊ ಪ್ಲಿನಿಯೊ. ಬಂಡೆಯನ್ನೇ ಕಡಿದು ಮಾಡಿದ ಮೆಟ್ಟಿಲುಗಳ ಆ ಹಳ್ಳಿಯಲ್ಲಿ ಪ್ರವಾಸಿಗರ ನೂಕುನುಗ್ಗಲು ವರೆನ್ನಾದಷ್ಟಿಲ್ಲ. ಇಡೀ ದಾರಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ಜಾಗ ಅದು.

ಗ್ರೀನ್‌ವೇ ಬೇರೆಯೇ ಬಗೆಯದು. ಏರು ಅಲ್ಪ, ಊರಿಗೆ ಊರು ತಾಗಿದೆ, ಮಕ್ಕಳನ್ನೂ ಹಿರಿಯರನ್ನೂ ಧೈರ್ಯವಾಗಿ ಕರೆದೊಯ್ಯಬಹುದು. ನಡುನಡುವೆ ಡಾಂಬರು ರಸ್ತೆಗೆ ಇಳಿಯಬೇಕಾಗುತ್ತದೆ. ಬಸ್ಸುಗಳು ಮೈಸವರಿಕೊಂಡು ಹೋಗುವಾಗ ಪ್ರಾಚೀನ ಮಾರ್ಗದ ಭಾವ ಉಳಿಯುವುದಿಲ್ಲ. ಆದರೆ ದಾರಿಯುದ್ದಕ್ಕೂ ನೋಡುವಂಥದ್ದು ಇಲ್ಲಿ ಹೆಚ್ಚು ಎಂದು ಒಪ್ಪಬೇಕು. ಒಸ್ಸುಚ್ಚೊದಲ್ಲಿ ತುಸು ಮೇಲೇರಿದರೆ 2003ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದ ಸಾಕ್ರೊ ಮೊಂತೆ ಎಂಬ ‘ಪವಿತ್ರ ಬೆಟ್ಟ’ದ ಹದಿನಾಲ್ಕು ಗುಡಿಗಳಿವೆ. ಲೆನ್ನೊದಲ್ಲಿ ಬಾಲ್ಬಿಯಾನೆಲ್ಲೊ, ತ್ರೆಮೆಜ್ಜೊದಲ್ಲಿ ವಿಲ್ಲಾ ಕಾರ್ಲೋತ್ತಾ ಎಂಬ ಹಳೆಯ ಬಂಗಲೆಗಳಿವೆ. ನಡುವಿನ ಮೆಜ್ಜೆಗ್ರಾದಲ್ಲೇ 1945ರ ಏಪ್ರಿಲ್ 28ರಂದು ಮುಸೊಲಿನಿಯನ್ನು ಗುಂಡಿಕ್ಕಿ ಕೊಂದದ್ದು. ಬಂಗಲೆಗಳ ಒಳಗೆ ಹೋದರೆ ಹತ್ತು ಕಿ.ಮೀ.ಗೆ ಇಡೀ ದಿನ ಸಾಲದು.

ಎರಡು ದಡಗಳನ್ನೂ ಬೆಸೆಯುವ ಕಥೆಯೊಂದು ಗ್ರೀನ್‌ವೇಯಿಂದ ಕಾಣುವ ಕೊಮಾಚಿನಾ ದ್ವೀಪದ್ದು. 1169ರಲ್ಲಿ ಕೋಮೊ ನಗರದವರು ಅದನ್ನು ನಾಶ ಮಾಡಿದಾಗ ಉಳಿದ ಜನ ಓಡಿಹೋಗಿ ನೆಲೆ ಕಂಡುಕೊಂಡದ್ದು ಎದುರು ದಡದ ವರೆನ್ನಾದಲ್ಲಿ. ಪಶ್ಚಿಮದಲ್ಲಿ ಆ ದ್ವೀಪವನ್ನು ನೋಡಿಕೊಂಡು ಬಂದವರಿಗೆ ವರೆನ್ನಾದ ಇಕ್ಕಟ್ಟು ಓಣಿಗಳು ಬೇರೆಯೇ ಆಗಿ ಕಾಣುತ್ತವೆ.

ಪಶ್ಚಿಮದಲ್ಲಿ ಎತ್ತರದಲ್ಲಿ ಸಾಗುವ, 125 ಕಿ.ಮೀ.ಗಳ ವಿಯಾ ದೇಯಿ ಮೊಂತಿ ಲಾರಿಯಾನಿ ಎಂಬ ಮೂರನೆಯ ದಾರಿಯೂ ಇದೆ. ಅದು ಬೆಟ್ಟದ ಚಾರಣ. ಈ ಹೋಲಿಕೆಗೆ ಸೇರುವಂಥದ್ದಲ್ಲ.

ಅನುಕೂಲದ ಮಟ್ಟಿಗೂ ಪೂರ್ವವೇ ಮೇಲು. ಮಿಲಾನ್‌ನಿಂದ ಬರುವ ರೈಲುಮಾರ್ಗ ದಾರಿಗೆ ಸಮಾನಾಂತರವಾಗಿ ಹೋಗುತ್ತದೆ. ಆಯಾಸವಾದರೆ ಮುಂದಿನ ಊರಿನಲ್ಲಿ ನಡಿಗೆ ನಿಲ್ಲಿಸಿ, ಮರುದಿನ ಅಲ್ಲಿಂದಲೇ ಮುಂದುವರಿಸಬಹುದು. ಚೀಲವನ್ನು ಒಂದೇ ತಂಗುದಾಣದಲ್ಲಿ ಬಿಟ್ಟು ಹಗುರಾಗಿ ನಡೆಯಬಹುದು. ಪಶ್ಚಿಮದಲ್ಲಿ ರೈಲಿಲ್ಲ, ಬಸ್ಸು, ದೋಣಿಗಳೇ ಗತಿ.

ದಕ್ಷಿಣದಿಂದ ಉತ್ತರಕ್ಕೆ ನಡೆಯಿರಿ: ಮಧ್ಯಾಹ್ನ ಬೀಸುವ ಬ್ರೇವಾ ಗಾಳಿ ಆಗ ಬೆನ್ನಿಗಿರುತ್ತದೆ. ವರೆನ್ನಾದಲ್ಲಿ ಒಂದು ದಿನ ನಿಂತು, ದೋಣಿಯಲ್ಲಿ ಸರೋವರ ದಾಟಿ ಗ್ರೀನ್‌ವೇಯನ್ನು ತಿರುವುಮುರುವಾಗಿ ಕೊಲೊನ್ನೊ ಕಡೆಗೆ ನಡೆದರೆ ಎರಡೂ ಒಂದೇ ಪ್ರಯಾಣದಲ್ಲಿ ಮುಗಿಯುತ್ತವೆ.